ಒಂದು ಆಯಿಲ್ ಸೀಲಿಗಾಗಿ ನಿಂತ ಬೈಕು

ಬೈಕು ಅಕ್ಕನದು. ಒಂದೇ ಸಿಲಿಂಡರಿನ ಏರ್‌ಕೂಲ್ಡ್ ಎಂಜಿನ್, ಮುಂದೆ ಡಿಸ್ಕ್ ಬ್ರೇಕ್, ಸಾದಾ ಟೆಲಿಸ್ಕೋಪಿಕ್ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ, ಕೊಳವೆಯೊಳಗೆ ಕೊಳವೆ ಜಾರುವ ಎರಡು ಕಾಲು. ಈ ಮಾಡೆಲ್ ತಯಾರಿಸುವುದನ್ನು ಕಂಪನಿ ನಿಲ್ಲಿಸಿ ವರ್ಷಗಳೇ ಆಗಿವೆ. ಎಂಜಿನ್ನಿಗೆ ಏನೂ ಆಗಿಲ್ಲ. ಹೊಗೆ ಇಲ್ಲ, ಸದ್ದಿಲ್ಲ. ಗಾಡಿ ನಿಂತದ್ದು ಮುಂದಿನ ಫೋರ್ಕಿನ ಒಂದು ರಬ್ಬರ್ ಉಂಗುರದಿಂದ, ಒಳಗಿನ ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲಿನಿಂದ. ಆ ಉಂಗುರ ಮತ್ತು ಅದರ ಜೊತೆಗಿನ ಸಣ್ಣಪುಟ್ಟ ಸಾಮಾನು ಹುಡುಕುವುದರಲ್ಲೇ ಈ ಕೆಲಸದ ಮುಕ್ಕಾಲು ಪಾಲು ಹೊತ್ತು ಹೋಯಿತು. ಬಿಚ್ಚಿ ಜೋಡಿಸುವುದು ಒಂದು ಮಧ್ಯಾಹ್ನದ ಕೆಲಸ ಅಷ್ಟೇ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಲು ಬೇಕಾದಷ್ಟು ಜನ ಇದ್ದಾರೆ, ಪಾರ್ಟ್ ಹುಡುಕುವುದನ್ನು ಹೇಳಿಕೊಡುವವರು ಕಡಿಮೆ. ಅದಕ್ಕೇ ಈ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ತೊಂದರೆ ಏನಿತ್ತು

"ಡಿಸ್ಕ್ ಕಡೆ ಪೈಪಿನ ಮೇಲೆ ಎಣ್ಣೆ ಕಾಣ್ತಿದೆ, ಸ್ವಲ್ಪ ನೋಡೋ" ಅಂದಳು ಅಕ್ಕ. ನೋಡಿದರೆ ಕ್ರೋಮ್ ಪೈಪಿನ ಮೇಲೆ ತೆಳುವಾದ ಎಣ್ಣೆಯ ಉಂಗುರ. ಅದರ ಮೇಲೆ ಧೂಳು ಕೂತು ಕಪ್ಪಾಗಿತ್ತು. ಕೆಳಗೆ ಬಾಟಮ್ಮಿನ (ಕ್ರೋಮ್ ಪೈಪ್ ಒಳಗೆ ಜಾರುವ ಕೆಳಗಿನ ಕೊಳವೆ) ಉದ್ದಕ್ಕೂ ಒಂದು ಗೆರೆ ಇಳಿದು, ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಹತ್ತಿರ ಬಂದು ನಿಂತಿತ್ತು.

ಫೋರ್ಕ್ ಎಣ್ಣೆ ಸೋರಿದರೆ ಸಸ್ಪೆನ್ಶನ್ ಮೆತ್ತಗಾಗುತ್ತೆ, ಬ್ರೇಕ್ ಹಾಕಿದಾಗ ಮುಂಭಾಗ ಜಾಸ್ತಿ ಕುಗ್ಗುತ್ತೆ. ಅದನ್ನಾದರೂ ಸ್ವಲ್ಪ ದಿನ ಸಹಿಸಬಹುದು. ಡಿಸ್ಕ್ ಇರುವ ಕಡೆ ಸೋರುವುದು ಮಾತ್ರ ಬೇರೆಯೇ ವಿಷಯ. ಪ್ಯಾಡಿಗೆ ಎಣ್ಣೆ ತಾಗಿದರೆ ಪ್ಯಾಡ್ ಅದನ್ನು ಹೀರಿಕೊಳ್ಳುತ್ತೆ, ಆಮೇಲೆ ಎಷ್ಟು ಒರೆಸಿದರೂ ಮೊದಲಿನ ಹಿಡಿತ ಬರುವುದಿಲ್ಲ. ಎಲ್ಲಕ್ಕಿಂತ ಬೇಕಾದಾಗಲೇ ಮುಂದಿನ ಬ್ರೇಕ್ ಕೈಕೊಡುತ್ತೆ. ಹಾಗಾಗಿ ಅವತ್ತೇ ಬೈಕ್ ಓಡಿಸುವುದನ್ನು ನಿಲ್ಲಿಸಿದೆವು.

ಎಣ್ಣೆ ಕಂಡ ತಕ್ಷಣ ಸೀಲ್ ಹೋಗಿದೆ ಅಂತ ತೀರ್ಮಾನ ಮಾಡಬೇಕಾಗಿಲ್ಲ. ಕೆಲವು ಸಲ ಸೀಲಿನ ಲಿಪ್ಪಿಗೂ (ಪೈಪನ್ನು ಅಪ್ಪಿ ಹಿಡಿಯುವ ಒಳಂಚು) ಪೈಪಿಗೂ ನಡುವೆ ಒಂದು ಮರಳಿನ ಕಣ ಸಿಕ್ಕಿಕೊಂಡಿರುತ್ತೆ. ಧೂಳು ತಡೆಯಲು ಆಯಿಲ್ ಸೀಲಿನ ಮೇಲೆ ಇರುವ ಡಸ್ಟ್ ಸೀಲನ್ನು ಮೆಲ್ಲಗೆ ಮೇಲಕ್ಕೆ ಎಬ್ಬಿಸಿ, ತೆಳುವಾದ ಪ್ಲಾಸ್ಟಿಕ್ ಹಾಳೆಯ ಪಟ್ಟಿಯನ್ನು ಕೊಕ್ಕೆ ಆಕಾರಕ್ಕೆ ಕತ್ತರಿಸಿ, ಆಯಿಲ್ ಸೀಲಿನ ಒಳಗೆ ತೂರಿಸಿ ಸುತ್ತಲೂ ಎಳೆದರೆ ಆ ಕೊಳೆ ಹೊರಗೆ ಬರುತ್ತೆ. ಅದನ್ನು ಮಾಡಿದೆ. ಸ್ವಲ್ಪ ಕಪ್ಪು ಗಸಿ ಬಂತು. ಪೈಪ್ ಒರೆಸಿ, ಫೋರ್ಕನ್ನು ಜೋರಾಗಿ ಒತ್ತಿ ಬಿಟ್ಟು ನೋಡಿದೆ. ಉಂಗುರ ಮತ್ತೆ ಮೂಡಿತು. ಸೀಲ್ ಬದಲಿಸಲೇಬೇಕು ಅಂತ ಖಾತ್ರಿಯಾಯಿತು.

ಜೊತೆಗೇ ಇನ್ನೊಂದನ್ನೂ ಪರೀಕ್ಷೆ ಮಾಡಿದೆ. ಹತ್ತಿಯ ಉಂಡೆಯೊಂದನ್ನು ಕ್ರೋಮ್ ಪೈಪಿನ ಉದ್ದಕ್ಕೂ ಸವರಿದೆ. ಸೀಲಿನಿಂದ ಸ್ವಲ್ಪ ಮೇಲೆ ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಸಾಸಿವೆಗಿಂತ ಚಿಕ್ಕ ಚುಕ್ಕೆ, ಉಗುರಿಗೆ ಮಾತ್ರ ಸ್ಪಷ್ಟವಾಗಿ ತಾಗುತ್ತಿತ್ತು. ಕ್ರೋಮ್ ಎದ್ದು ತುಕ್ಕು ಹಿಡಿದ ಗುಳಿ. ಕೆಟ್ಟ ರಸ್ತೆಯ ಪ್ರತಿ ಏಟಿಗೂ ಈ ಗುಳಿಯ ಅಂಚು ಸೀಲಿನ ಲಿಪ್ಪನ್ನು ಕೆರೆದಿದೆ. ಇದನ್ನು ಬಿಟ್ಟು ಬರೀ ಸೀಲ್ ಬದಲಿಸಿದ್ದರೆ ಹೊಸದೂ ಬೇಗನೆ ಹರಿಯುತ್ತಿತ್ತು. "ಹೊಸ ಸೀಲ್ ಹಾಕಿದರೂ ಮತ್ತೆ ಸೋರುತ್ತೆ" ಅಂತ ಎಷ್ಟೋ ಜನ ಹೇಳುವುದಕ್ಕೆ ಮುಖ್ಯ ಕಾರಣ ಇದೇ ಅಂತ ನನ್ನ ನಂಬಿಕೆ.

ಮೊದಲು ಬಿಚ್ಚುವುದೋ, ಮೊದಲು ತರುವುದೋ

ಮನೆಯಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಪ್ರಶ್ನೆ. ಪಾರ್ಟ್ ತಂದಿಟ್ಟುಕೊಂಡು ಬಿಚ್ಚಿದರೆ ಗಾಡಿ ಒಂದೇ ದಿನ ನಿಲ್ಲುತ್ತೆ. ಆದರೆ ಬಿಚ್ಚದೆ ಯಾವ ಪಾರ್ಟ್ ಅಂತ ಹೇಗೆ ಗೊತ್ತಾಗಬೇಕು? ಪೈಪಿನ ವ್ಯಾಸವನ್ನು ಹೊರಗಿನಿಂದಲೇ ವರ್ನಿಯರ್ ಹಿಡಿದು ಅಳೆಯಬಹುದು, ನಮ್ಮದು 33 ಮಿ.ಮೀ. ಇತ್ತು. ಸೀಲಿನ ಹೊರವ್ಯಾಸ, ದಪ್ಪ ತಿಳಿಯಬೇಕಾದರೆ ಒಳಗೆ ನೋಡಲೇಬೇಕು. ಹೇಗೂ ಬ್ರೇಕಿನ ಭಯಕ್ಕೆ ಬೈಕ್ ಓಡಿಸುವಂತಿರಲಿಲ್ಲ, ಅದಕ್ಕೆ ಮೊದಲು ಬಿಚ್ಚುವುದೇ ಸರಿ ಅನ್ನಿಸಿತು. ದಿನವೂ ಓಡಿಸಲೇಬೇಕಾದ ಗಾಡಿಯಾದರೆ, ಸೋರಿಕೆ ಡಿಸ್ಕ್ ಇಲ್ಲದ ಕಡೆ ಇದ್ದರೆ, ನಾನು ಉಲ್ಟಾ ಮಾಡುತ್ತಿದ್ದೆ.

ಬಿಚ್ಚುವಾಗ ಕ್ರಮ ಮುಖ್ಯ. ಎಂಜಿನ್ ಕೆಳಗೆ ಗಟ್ಟಿ ಆಧಾರ ಕೊಟ್ಟು ಮುಂದಿನ ಚಕ್ರ ತೆಗೆದೆ. ಕ್ಯಾಲಿಪರನ್ನು ಬಿಚ್ಚಿ ತಂತಿಯಲ್ಲಿ ನೇತುಹಾಕಿದೆ. ಅದರ ಭಾರ ಬ್ರೇಕ್ ಹೋಸಿನ ಮೇಲೆ ಬೀಳಬಾರದು, ಚಕ್ರ ಇಲ್ಲದಾಗ ಯಾರೂ ಬ್ರೇಕ್ ಲಿವರ್ ಒತ್ತಲೂಬಾರದು. ಒತ್ತಿದರೆ ಪಿಸ್ಟನ್ ಹೊರಗೆ ಬಂದು ಇನ್ನೊಂದು ಕೆಲಸ ಶುರುವಾಗುತ್ತೆ.

ಆಮೇಲೆ ಬಾಟಮ್ಮಿನ ತಳದಲ್ಲಿರುವ ಅಲೆನ್ ಬೋಲ್ಟ್. ಅದು ಒಳಗಿನ ಡ್ಯಾಂಪರ್ ರಾಡನ್ನು ಹಿಡಿದಿರುತ್ತೆ. ಫೋರ್ಕನ್ನು ಗಾಡಿಯಿಂದ ತೆಗೆದು, ಸ್ಪ್ರಿಂಗನ್ನೂ ತೆಗೆದ ಮೇಲೆ ಈ ಬೋಲ್ಟ್ ತಿರುಗಿಸಿದರೆ ಒಳಗಿನ ರಾಡೂ ಜೊತೆಗೇ ಸುಮ್ನೆ ಸುತ್ತುತ್ತೆ, ಬೋಲ್ಟ್ ಬಿಚ್ಚುವುದಿಲ್ಲ. ಫೋರ್ಕ್ ಗಾಡಿಯಲ್ಲಿ ಇರುವಾಗಲೇ, ಸ್ಪ್ರಿಂಗ್ ಒಳಗೆ ಇರುವಾಗಲೇ ಅದನ್ನು ಒಂದು ಸುತ್ತು ಸಡಿಲ ಮಾಡಿಕೊಳ್ಳಬೇಕು. ಅಕ್ಕ ಎರಡೂ ಕೈಯಲ್ಲಿ ಬಾಟಮ್ಮನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಹಿಡಿದಳು. ಸ್ಪ್ರಿಂಗಿನ ಒತ್ತಡಕ್ಕೆ ರಾಡ್ ಅಲುಗಾಡದೆ ನಿಂತಿತು, ಬೋಲ್ಟ್ ಟಕ್ ಅಂತ ಸಡಿಲವಾಯಿತು. ಮೇಲಿನ ಕ್ಯಾಪೂ ಹಾಗೆಯೇ. ಮೊದಲು ಮೇಲಿನ ಕ್ಲಾಂಪಿನ ಬೋಲ್ಟ್ ಸಡಿಲ ಮಾಡಿ, ಕೆಳಗಿನ ಕ್ಲಾಂಪ್ ಪೈಪನ್ನು ಹಿಡಿದಿರುವಾಗಲೇ ಕ್ಯಾಪನ್ನು ಸ್ವಲ್ಪ ತಿರುಗಿಸಿಕೊಂಡೆ. ಕೊನೆಯ ಎಳೆ ಬಿಡುವಾಗ ಕ್ಯಾಪಿನ ಮೇಲೆ ಮುಖ ಬಗ್ಗಿಸಿ ನೋಡಬೇಡಿ, ಸ್ಪ್ರಿಂಗ್ ಅದನ್ನು ಎಸೆಯುತ್ತೆ.

ಫೋರ್ಕಿನ ಎರಡೂ ಕಾಲು ಬಿಚ್ಚಿದೆ. ಒಂದೇ ಸೋರುತ್ತಿದ್ದರೂ ಎರಡನ್ನೂ ಮಾಡಬೇಕು. ಎರಡು ಸೀಲಿನ ವಯಸ್ಸೂ ಒಂದೇ, ಎರಡರಲ್ಲೂ ಎಣ್ಣೆಯ ಮಟ್ಟ ಸಮ ಇರಬೇಕು. ಹಳೆಯ ಎಣ್ಣೆ ಬೂದು ಬಣ್ಣಕ್ಕೆ ತಿರುಗಿತ್ತು, ಕೆಟ್ಟ ವಾಸನೆ. ಡಸ್ಟ್ ಸೀಲುಗಳು ಸುತ್ತಲೂ ಸೀಳು ಬಿಟ್ಟಿದ್ದವು. ಅಲ್ಲಿಂದ ನೀರು ಇಳಿದು ಒಳಗಿನ ಲಾಕ್ ರಿಂಗ್ ತುಕ್ಕು ಹಿಡಿದಿತ್ತು. ಆಯಿಲ್ ಸೀಲ್ ಮೇಲಕ್ಕೆ ಬರದಂತೆ ಬಾಟಮ್ಮಿನ ಒಳಸುತ್ತಿನ ಒಂದು ತೋಡಿನಲ್ಲಿ ಕೂತು ಹಿಡಿಯುವ ತಂತಿಯ ರಿಂಗ್ ಅದು. ಡಿಸ್ಕ್ ಕಡೆಯದನ್ನು ತೆಗೆಯುವಾಗ ತುಕ್ಕು ತಿಂದಿದ್ದ ಜಾಗದಲ್ಲಿ ಎರಡು ತುಂಡಾಯಿತು.

ಹಳೆಯ ಸೀಲನ್ನು ಮೀಟಿ ತೆಗೆದು, ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದೆ. ರಬ್ಬರಿನ ಮೇಲ್ಮೈಯಲ್ಲಿ ಉಬ್ಬಿದ ಅಂಕಿಗಳು ಕಂಡವು: 33, 46, 11. ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲವೂ ಮಿಲಿಮೀಟರಿನಲ್ಲಿ. ಬಾಟಮ್ಮಿನಲ್ಲಿ ಸೀಲ್ ಕೂರುವ ಜಾಗವನ್ನೂ ವರ್ನಿಯರಿನ ಒಳದವಡೆಯಲ್ಲಿ ಅಳೆದು ತಾಳೆ ನೋಡಿದೆ. ಮೊದಲು ಯಾರೋ ಬೇರೆ ಸೈಜಿನ ಸೀಲ್ ತುರುಕಿರಲೂಬಹುದು, ಅಲ್ವಾ? ಅಳತೆ ಸರಿಹೊಂದಿತು.

ಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದೆ. ಆಯಿಲ್ ಸೀಲ್ ಎರಡು, ಡಸ್ಟ್ ಸೀಲ್ ಎರಡು, ಲಾಕ್ ರಿಂಗ್ ಎರಡು, ತಳದ ಬೋಲ್ಟಿನ ತಾಮ್ರದ ವಾಷರ್ ಎರಡು, ಬ್ರೇಕ್ ಪ್ಯಾಡ್ ಒಂದು ಜೊತೆ, ಫೋರ್ಕ್ ಆಯಿಲ್. ಪ್ರತಿಯೊಂದರ ಮುಂದೆ ಅಳತೆ. ಈ ಹಾಳೆ ಇಲ್ಲದೆ ಮನೆಯಿಂದ ಹೊರಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹುಡುಕಾಟ

ಪ್ಯಾಡೂ ಎಣ್ಣೆಯೂ ಕೇಳಿದ ತಕ್ಷಣ ಸಿಕ್ಕವು. ಉಳಿದದ್ದಕ್ಕೆ ಕಂಪನಿಯ ಅಧಿಕೃತ ಕೌಂಟರಿಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು.

"ಯಾವ ಮಾಡೆಲ್ ಸರ್? ಯಾವ ವರ್ಷದ್ದು?"

ಹೇಳಿದೆ. ಕಂಪ್ಯೂಟರಿನಲ್ಲಿ ಹೊಡೆದು ನೋಡಿದರು.

"ಸೀಲ್ ಬರಲ್ಲ ಸರ್. ನಿಂತುಹೋಗಿದೆ. ಫೋರ್ಕ್ ಅಸೆಂಬ್ಲಿ ತೋರಿಸ್ತಿದೆ, ಆರ್ಡರ್ ಹಾಕ್ಲಾ?"

ಅಂದರೆ ಪೈಪು, ಬಾಟಮ್, ಸ್ಪ್ರಿಂಗ್, ರಾಡ್ ಎಲ್ಲ ಸೇರಿದ ಇಡೀ ಕಾಲು. ಮನೆಗೆ ಬಂದು ಹೇಳಿದಾಗ ಅಕ್ಕನಿಗೆ ಸಿಟ್ಟೇ ಬಂತು. "ಇಷ್ಟು ಸಣ್ಣ ರಬ್ಬರಿಗೆ ಇಡೀ ಫೋರ್ಕ್ ತಗೋಬೇಕಾ? ಇದ್ಯಾವ ನ್ಯಾಯ ಕಣೋ?"

ಅವಳ ಸಿಟ್ಟು ಸರಿಯಾದದ್ದೇ. ಆಯಿಲ್ ಸೀಲ್ ಸವೆಯಲೆಂದೇ ಇರುವ ಪಾರ್ಟ್. ಉಕ್ಕಿನ ಪೈಪ್ ಸವೆಯಬಾರದು ಅಂತಲೇ ಅದರ ಮುಂದೆ ಮೆತ್ತನೆಯ ರಬ್ಬರನ್ನು ಇಟ್ಟಿರುತ್ತಾರೆ. ಸವೆಯುವ ಸಾಮಾನನ್ನು ಬಿಡಿಯಾಗಿ ಕೊಡದೆ, ಸವೆಯದ ಸಾಮಾನಿನ ಜೊತೆ ಕಟ್ಟಿ ಮಾರಿದರೆ, ಚೆನ್ನಾಗಿರುವ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಗುಜರಿಗೆ ಹೋಗುತ್ತೆ. ಹಳೆಯ ಗಾಡಿ ಇಟ್ಟುಕೊಂಡವರು ದೊಡ್ಡ ಪಾರ್ಟ್ ಕೇಳುತ್ತಿಲ್ಲ. ಸೀಲು, ವಾಷರು, ರಿಂಗು, ಬುಷ್ಷು, ಇಷ್ಟು ಬಿಡಿಯಾಗಿ ಸಿಕ್ಕರೆ ಸಾಕು, ಗಾಡಿ ಇನ್ನೂ ಬಹಳ ವರ್ಷ ಓಡುತ್ತೆ. ಕಂಪನಿಗಳು ಇಷ್ಟನ್ನಾದರೂ ಮಾಡಬೇಕು ಅಂತ ನಾನು ಮನಸಾರೆ ಹೇಳುತ್ತೇನೆ.

ಮುಂದಿನದು ಬೇರೆ ತಯಾರಕರ ಪಾರ್ಟ್ ಮಾರುವ ಅಂಗಡಿ. ಮಾಡೆಲ್ ಹೆಸರು ಹೇಳಿದ ಕೂಡಲೇ ಒಂದು ಡಬ್ಬಿ ತಂದಿಟ್ಟರು. ಡಬ್ಬಿಯ ಮೇಲೆ ನಮ್ಮ ಮಾಡೆಲಿನ ಹೆಸರೇ ಇತ್ತು. ತೆರೆದು ಸೀಲಿನ ಮೇಲಿನ ಅಂಕಿ ಓದಿದೆ: 33, 45, 8/10.5. ಒಳವ್ಯಾಸ ಅದೇ. ಹೊರವ್ಯಾಸ ಒಂದು ಮಿಲಿಮೀಟರ್ ಕಡಿಮೆ. ಕೊನೆಯ ಜೋಡಿ ಅಂಕಿಯಲ್ಲಿ 8 ಅನ್ನೋದು ಕೂರುವ ಭಾಗದ ದಪ್ಪ, 10.5 ಅನ್ನೋದು ಲಿಪ್ ಸೇರಿ ಒಟ್ಟು ಎತ್ತರ.

"ಇದೇ ಸರ್, ಎಲ್ಲರೂ ಇದನ್ನೇ ಒಯ್ಯೋದು" ಅಂದರು. ಜೊತೆಗೆ ತಂದಿದ್ದ ಹಳೆಯ ಸೀಲನ್ನು ಪಕ್ಕದಲ್ಲಿಟ್ಟೆ. ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಪೈಪಿಗೆ ಏರಿಸಿ ನೋಡಿದ್ದರೂ ಸರಿಯಾಗಿಯೇ ಕೂರುತ್ತಿತ್ತು. ಬಾಟಮ್ಮಿನಲ್ಲಿ ಮಾತ್ರ ಬೆರಳಿನಿಂದ ಒತ್ತಿದರೆ ಒಳಗೆ ಬಿದ್ದುಬಿಡುತ್ತಿತ್ತು. ಆಯಿಲ್ ಸೀಲ್ ಯಾವತ್ತೂ ಹಾಗೆ ಬೀಳಬಾರದು. ಅದರ ಹೊರಸುತ್ತು ಕೂರುವ ಜಾಗಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರುತ್ತೆ, ಹೊಡೆದೇ ಕೂರಿಸಬೇಕು. ಸಲೀಸಾಗಿ ಇಳಿದರೆ ಎಣ್ಣೆ ಲಿಪ್ಪಿನ ಬದಲು ಹೊರಸುತ್ತಿನಿಂದ ಸೋರುತ್ತೆ. ಒಂದೇ ಮಾಡೆಲಿನ ಹೆಸರಿನಲ್ಲಿ ಕಂಪನಿಗಳು ವರ್ಷದಿಂದ ವರ್ಷಕ್ಕೆ ಫೋರ್ಕ್ ಬದಲಿಸುವುದುಂಟು. ಡಬ್ಬಿಯ ಮೇಲೆ ಬರುವುದು ಗಾಡಿಯ ಹೆಸರು, ಸೀಲಿಗೆ ಬೇಕಾದದ್ದು ಅಳತೆ. ಅಂಗಡಿಯವರಿಗೆ ಅಂಕಿ ತೋರಿಸಿದೆ. ಅವರೂ ಒಪ್ಪಿಕೊಂಡು ವಾಪಸ್ ಇಟ್ಟರು.

ಬೇರಿಂಗ್ ಅಂಗಡಿಯಲ್ಲಿ ಅಳತೆ ಹೇಳಿದರೆ ಸಾಕು ಅನ್ನೋ ನಂಬಿಕೆ ಇತ್ತು. ಚಕ್ರದ ಬೇರಿಂಗಾದರೆ ಆ ನಂಬಿಕೆ ನಿಜ. 6202 ಅಂದರೆ ಯಾವ ತಯಾರಕರದ್ದಾದರೂ ಒಳಗೆ 15, ಹೊರಗೆ 35, ಅಗಲ 11 ಮಿ.ಮೀ. ಗಾಡಿಯ ಹೆಸರೇ ಹೇಳಬೇಕಾಗಿಲ್ಲ. ಸೀಲಿನಲ್ಲಿ ಒಂದು ತೊಡಕಿದೆ. ಅಲ್ಲಿ ಹೆಚ್ಚಾಗಿ ಇರುವುದು ತಿರುಗುವ ಶಾಫ್ಟಿಗೆ ಮಾಡಿದ ಸೀಲು. ಫೋರ್ಕಿನ ಪೈಪ್ ತಿರುಗುವುದಿಲ್ಲ, ಮೇಲೆ ಕೆಳಗೆ ಜಾರುತ್ತೆ, ಅದೂ ಗುಂಡಿ ಸಿಕ್ಕಾಗ ಬಹಳ ವೇಗವಾಗಿ. ಫೋರ್ಕ್ ಸೀಲಿನ ಲಿಪ್ಪನ್ನು ಆ ಚಲನೆಗೆ, ಆ ಒತ್ತಡಕ್ಕೆ ರೂಪಿಸಿರುತ್ತಾರೆ. ಅಳತೆ ಕೂಡಿದರೂ ಶಾಫ್ಟ್ ಸೀಲ್ ಇಲ್ಲಿಗೆ ಆಗುವುದಿಲ್ಲ. ಅದನ್ನು ತರಲಿಲ್ಲ.

ಒಂದು ಹಳೆಯ ಅಂಗಡಿಯಲ್ಲಿ ಕಂಪನಿಯದೇ ಪೊಟ್ಟಣ ಸಿಕ್ಕಿತು. ಅಳತೆ ಸರಿ, ಪಾರ್ಟ್ ನಂಬರೂ ಸರಿ. ಸಂತೋಷವಾಯಿತು. ತೆರೆದು ಲಿಪ್ಪನ್ನು ಬೆರಳಿನಿಂದ ಮಡಿಸಿ ನೋಡಿದೆ. ಬಾಗುವ ಬದಲು ಮುರಿಯುವ ಹಾಗೆ ಗಟ್ಟಿಯಾಗಿತ್ತು, ಬುಡದಲ್ಲಿ ಸಣ್ಣ ಬಿರುಕುಗಳು. ರಬ್ಬರ್ ಗಾಡಿಯಲ್ಲಿ ಮಾತ್ರ ಅಲ್ಲ, ಅಟ್ಟದ ಮೇಲೂ ವಯಸ್ಸಾಗುತ್ತೆ. ಇಂಥ ಸೀಲುಗಳಲ್ಲಿ ಸಾಮಾನ್ಯವಾಗಿ ಬಳಸುವುದು ನೈಟ್ರೈಲ್ ರಬ್ಬರ್. ರಬ್ಬರ್ ಸಾಮಾನುಗಳನ್ನು ಕೂಡಿಡುವ ಬಗೆಗಿನ ಐಎಸ್‌ಒ 2230 ಮಾನದಂಡದಲ್ಲಿ ನೈಟ್ರೈಲಿಗೆ 7 ವರ್ಷದ ಅವಧಿ ಇದೆ. ಅದೂ ತಂಪಾದ, ಕತ್ತಲೆಯ ಜಾಗದಲ್ಲಿ, ಮಡಿಸದೆ, ಎಳೆಯದೆ ಇಟ್ಟರೆ. ಪರೀಕ್ಷೆ ಮಾಡಿ ಸರಿ ಇದ್ದರೆ ಇನ್ನೂ 3 ವರ್ಷ. "ಒರಿಜಿನಲ್ ಹಳೇ ಸ್ಟಾಕ್" ಅಂದ ಕೂಡಲೇ ಮನಸ್ಸು ಕುಣಿಯುತ್ತೆ. ಲೋಹದ ಪಾರ್ಟಿಗೆ ಕುಣಿಯಲಿ, ರಬ್ಬರಿಗೆ ಬೇಡ.

ಪಾರ್ಟ್ ನಂಬರನ್ನು ಬಿಡಿಸಿ ಓದಿದ್ದು

ದಾರಿ ತೆರೆದದ್ದು ಆ ಹಳೆಯ ಪೊಟ್ಟಣದಿಂದಲೇ. ಸೀಲ್ ಬೇಡವಾದರೂ ಅದರ ಮೇಲಿನ ನಂಬರನ್ನು ಬರೆದುಕೊಂಡಿದ್ದೆ.

ಬೈಕ್ ಕಂಪನಿಗಳ ಪಾರ್ಟ್ ನಂಬರಿಗೆ ಒಂದು ಕಟ್ಟು ಇರುತ್ತೆ. ಹೋಂಡಾದಲ್ಲಿ ಸಾಮಾನ್ಯವಾಗಿ ಮೂರು ಭಾಗ, ಐದು ಮೂರು ಮೂರು ಅಕ್ಷರಗಳದ್ದು. ಮೊದಲ ಐದು ಅದು ಏನು ಪಾರ್ಟ್ ಅಂತ ಹೇಳುತ್ತವೆ. 51490 ಅಂದರೆ ಮುಂದಿನ ಫೋರ್ಕಿನ ಸೀಲ್ ಸೆಟ್. ನಡುವಿನ ಮೂರು, ಆ ಪಾರ್ಟನ್ನು ಮೊದಲು ಯಾವ ಮಾಡೆಲಿಗಾಗಿ ಮಾಡಿದರು ಅನ್ನೋದರ ಗುರುತು. ಯಮಹಾದಲ್ಲಿ ಮಾಡೆಲಿನ ಗುರುತು ಮೊದಲು ಬರುತ್ತೆ, ಪಾರ್ಟಿನ ಗುರುತು ನಡುವೆ. 23145 ಅಂತ ಇದ್ದರೆ ಫೋರ್ಕಿನ ಆಯಿಲ್ ಸೀಲ್. ಕಟ್ಟು ಬೇರೆಬೇರೆ, ಒಳಗಿನ ಲೆಕ್ಕ ಒಂದೇ.

ಇದರಿಂದ ಏನು ಉಪಯೋಗ? ನಮ್ಮ ಪೊಟ್ಟಣದ ನಂಬರಿನಲ್ಲಿದ್ದ ಮಾಡೆಲ್ ಗುರುತು ನಮ್ಮ ಗಾಡಿಯದಾಗಿರಲಿಲ್ಲ. ಅದೇ ಕಂಪನಿಯ ಇನ್ನೊಂದು, ಅದಕ್ಕಿಂತ ಹಳೆಯ, ಬಹಳ ಹೆಚ್ಚು ಮಾರಾಟವಾದ ಗಾಡಿಯದು. ಅಂದರೆ ಈ ಸೀಲ್ ಹುಟ್ಟಿದ್ದು ಆ ಗಾಡಿಗೆ. ಆಮೇಲೆ ನಮ್ಮದಕ್ಕೂ ಅದನ್ನೇ ಹಾಕಿದ್ದಾರೆ. ಹೀಗೆ ಒಂದೇ ಸೀಲ್ ನಾಲ್ಕಾರು ಗಾಡಿಯಲ್ಲಿ ಕೂತಿರುವುದು ಅಪರೂಪವೇನಲ್ಲ. ಕೌಂಟರಿನಲ್ಲಿ ನಮ್ಮ ಮಾಡೆಲಿನ ಹೆಸರು ಹೊಡೆದಾಗ "ನಿಂತುಹೋಗಿದೆ" ಅಂತ ಬಂದದ್ದು ನಮ್ಮ ಗಾಡಿಯ ಪಟ್ಟಿಗೆ ಮಾತ್ರ ಸೇರಿದ ಮಾತು.

ಈ ಸಲ ಅಂಗಡಿಗೆ ಹೋಗಿ ನಮ್ಮ ಗಾಡಿಯ ಹೆಸರನ್ನೇ ಎತ್ತಲಿಲ್ಲ. ಆ ಹಳೆಯ ಗಾಡಿಯ ಹೆಸರು ಹೇಳಿ, ಫೋರ್ಕ್ ಆಯಿಲ್ ಸೀಲ್, 33, 46, 11 ಅಂತ ಕೇಳಿದೆ. ಇತ್ತು. ಹೊಸ ಮಾಲು. ಲಿಪ್ ಮೆತ್ತಗೆ, ಒಳಗಿನ ಸುತ್ತು ಸ್ಪ್ರಿಂಗ್ ಬಿಗಿಯಾಗಿ ಕೂತಿತ್ತು, ಅಚ್ಚಿನ ಅಂಚಿನಲ್ಲಿ ರಬ್ಬರಿನ ಎಳೆ ಉಳಿದಿರಲಿಲ್ಲ, ಅಂಕಿಗಳು ಸ್ಪಷ್ಟವಾಗಿದ್ದವು. ನಕಲಿ ಸೀಲಿನಲ್ಲಿ ಇವುಗಳಲ್ಲಿ ಒಂದಾದರೂ ತಪ್ಪಿರುತ್ತೆ. ಡಬ್ಬಿಯ ಅಂದಕ್ಕಿಂತ ಲಿಪ್ಪಿನ ಅಂಚನ್ನು ನೋಡುವುದು ಲೇಸು. ಡಸ್ಟ್ ಸೀಲೂ ಅದೇ ಗಾಡಿಯದೇ ಹೊಂದಿಕೊಂಡಿತು. ಅದರ ಆಕಾರವನ್ನು ಹಳೆಯದರ ಪಕ್ಕದಲ್ಲಿಟ್ಟು, ಬಾಟಮ್ಮಿನ ಒಳಗೆ ಇಳಿಯುವ ಕೊರಳನ್ನು ಅಳೆದೇ ತೆಗೆದುಕೊಂಡೆ.

ಉಳಿದದ್ದು ಎಲ್ಲಕ್ಕಿಂತ ಸಣ್ಣ ಸಾಮಾನು, ಲಾಕ್ ರಿಂಗ್. ಇದು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಯಿಸಿತು. ಕಂಪನಿಯ ಪಾರ್ಟ್ ಚಿತ್ರದಲ್ಲಿ ಅದಕ್ಕೆ ಬೇರೆಯೇ ನಂಬರ್ ಇದೆ, ಕೇಳಿದರೆ ಬಿಡಿಯಾಗಿ ಬರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಸರ್ಕ್ಲಿಪ್ ಚಪ್ಪಟೆ, ನಮಗೆ ಬೇಕಾದದ್ದು ದುಂಡು ತಂತಿಯದು. ತೋಡು ದುಂಡಗಿದ್ದಾಗ ಚಪ್ಪಟೆ ಕ್ಲಿಪ್ ಪೂರ್ತಿ ಕೂರುವುದಿಲ್ಲ. ಸ್ಪ್ರಿಂಗ್ ತಂತಿ ಬಗ್ಗಿಸಿ ಮಾಡಿಕೊಳ್ಳಿ ಅಂತ ಒಬ್ಬರು ಸಲಹೆ ಕೊಟ್ಟರು. ಬೇರೆ ಎಲ್ಲಾದರೂ ಮಾಡುತ್ತಿದ್ದೆನೇನೋ. ಇಲ್ಲಿ ಅದು ಜಾರಿದರೆ ಸೀಲ್ ಮೇಲೆ ಬಂದು ಎಣ್ಣೆಯೆಲ್ಲ ಒಮ್ಮೆಲೇ ಡಿಸ್ಕಿನ ಮೇಲೆ. ಬೇಡವೇ ಬೇಡ. ಕೊನೆಗೆ ಆ ಹಳೆಯ ಗಾಡಿಗೆ ಸೀಲು, ಡಸ್ಟ್ ಸೀಲು, ರಿಂಗು ಎಲ್ಲ ಸೇರಿದ ಕಿಟ್ ಬರುತ್ತೆ ಅಂತ ತಿಳಿದು ಅದನ್ನೇ ತರಿಸಿದೆ. ಒಂದು ಜೊತೆ ಸೀಲ್ ಹೆಚ್ಚಾಗಿ ಉಳಿಯಿತು. ರಿಂಗಿಗಾಗಿ ಸೀಲನ್ನೂ ಎರಡನೇ ಸಲ ಕೊಳ್ಳಬೇಕಾದದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ತಾಮ್ರದ ವಾಷರ್ ಆ ಕಿಟ್ಟಿನಲ್ಲೂ ಇರಲಿಲ್ಲ. ಇದಕ್ಕೆ ಮನೆಯಲ್ಲೇ ಉಪಾಯ ಇದೆ. ತಾಮ್ರದ ವಾಷರ್ ಒಮ್ಮೆ ಬಿಗಿದ ಮೇಲೆ ಒತ್ತಡಕ್ಕೆ ಗಡುಸಾಗುತ್ತೆ, ಮತ್ತೆ ಹಾಕಿದರೆ ಸೋರುತ್ತೆ. ಅದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಮಂಕು ಕೆಂಪಾಗುವವರೆಗೆ ಕಾಯಿಸಿ ತಣಿಯಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತೆ. ನೀರಲ್ಲಿ ಅದ್ದಿದರೂ ತೊಂದರೆ ಇಲ್ಲ, ಉಕ್ಕಿನ ಹಾಗೆ ತಾಮ್ರ ಅದರಿಂದ ಗಡುಸಾಗುವುದಿಲ್ಲ. ಮೇಲಿನ ಕಪ್ಪನ್ನು ನುಣ್ಣನೆಯ ಪೇಪರಿನಲ್ಲಿ ಉಜ್ಜಿ ಎರಡೂ ಮುಖ ಸಮ ಮಾಡಿದೆ. ಎರಡೂ ವಾಷರ್ ಹೊಸದರಷ್ಟೇ ಚೆನ್ನಾಗಿ ಕೂತವು.

ಗುಳಿ ತುಂಬಿದ್ದು, ಸೀಲ್ ಕೂರಿಸಿದ್ದು

ಪಾರ್ಟ್ ಬರುವುದನ್ನು ಕಾಯುವ ಹೊತ್ತಿನಲ್ಲಿ ಪೈಪಿನ ಗುಳಿಯ ಕೆಲಸ ಮುಗಿಸಿದ್ದೆ. ತುಕ್ಕನ್ನು ಸೂಜಿಯ ಮೊನೆಯಿಂದ ಕೆರೆದು ತೆಗೆದೆ. ಜಿಡ್ಡು ಹೋಗುವಂತೆ ಒರೆಸಿ, ಲೋಹಕ್ಕೆ ಹಿಡಿಯುವ ಎಪಾಕ್ಸಿಯನ್ನು ಸ್ವಲ್ಪ ಉಬ್ಬುವಂತೆ ತುಂಬಿದೆ. ಪೂರ್ತಿ ಗಟ್ಟಿಯಾದ ಮೇಲೆ 1500, ಆಮೇಲೆ 2000 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ, ಪೈಪಿನ ಸುತ್ತಳತೆಯ ದಿಕ್ಕಿನಲ್ಲಿ ಉಜ್ಜಿದೆ. ಉದ್ದುದ್ದ ಉಜ್ಜಿದರೆ ಬೀಳುವ ಗೆರೆಗಳು ಎಣ್ಣೆಗೆ ದಾರಿ ಮಾಡಿಕೊಡುತ್ತವೆ. ಉಗುರು ಅಲ್ಲಿ ನಿಲ್ಲದೆ ಜಾರಿದಾಗ ಕೆಲಸ ಮುಗಿಯಿತು. ಗುಳಿಗಳು ಬಹಳ ಇದ್ದರೆ, ಕ್ರೋಮ್ ಪದರವೇ ಏಳುತ್ತಿದ್ದರೆ ಈ ಉಪಾಯ ಸಾಲದು. ಆಗ ಹಾರ್ಡ್ ಕ್ರೋಮ್ ಮಾಡಿಸಬೇಕು, ಇಲ್ಲಾ ಪೈಪ್ ಬದಲಿಸಬೇಕು. ಪೈಪ್ ಬಾಗಿದೆಯಾ ಅಂತಲೂ ಗಾಜಿನ ಮೇಲೆ ಉರುಳಿಸಿ ನೋಡಿದೆ, ನೇರವಾಗಿತ್ತು.

ಜೋಡಣೆಯಲ್ಲಿ ನಿಧಾನ ಬೇಕಾದದ್ದು ಒಂದೇ ಕಡೆ. ಪೈಪಿನ ಮೇಲಿನ ಅಂಚು ಹರಿತ. ಹೊಸ ಸೀಲನ್ನು ಹಾಗೇ ಇಳಿಸಿದರೆ ಲಿಪ್ ಅಲ್ಲೇ ಕತ್ತರಿಸುತ್ತೆ, ಗಾಡಿ ಓಡುವ ಮೊದಲೇ ಸೀಲ್ ಹೋಯಿತು ಅಂತ ಲೆಕ್ಕ. ಪೈಪಿನ ತುದಿಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹೊದಿಸಿ, ಅದಕ್ಕೂ ಲಿಪ್ಪಿಗೂ ಫೋರ್ಕ್ ಆಯಿಲ್ ಸವರಿ, ಮೆಲ್ಲಗೆ ತಿರುಗಿಸುತ್ತಾ ಇಳಿಸಿದೆ. ಅಂಕಿ ಇರುವ ಮುಖ ಮೇಲಕ್ಕೆ, ಸ್ಪ್ರಿಂಗ್ ಇರುವ ಟೊಳ್ಳು ಕಡೆ ಎಣ್ಣೆಯತ್ತ, ಅಂದರೆ ಕೆಳಕ್ಕೆ. ರಿಂಗನ್ನೂ ಅದರ ಮೇಲೆ ಬರುವ ಡಸ್ಟ್ ಸೀಲನ್ನೂ ಆಯಿಲ್ ಸೀಲ್ ಕೂತ ಮೇಲೆ ಹಾಕಲು ಪಕ್ಕಕ್ಕಿಟ್ಟೆ. ಹಳೆಯ ಸೀಲನ್ನು ಹೊಸದರ ಮೇಲೆ ಇಟ್ಟು, ಸರಿಯಾದ ಅಳತೆಯ ಪಿವಿಸಿ ಪೈಪಿನ ತುಂಡಿನಿಂದ ಸುತ್ತಲೂ ಸಮವಾಗಿ ತಟ್ಟಿದೆ. ಸದ್ದು ಬದಲಾಗುತ್ತೆ. ಮೊದಲು ಮೆತ್ತಗೆ, ಸೀಲ್ ತಳ ಮುಟ್ಟಿದಾಗ ಗಟ್ಟಿ. ರಿಂಗಿನ ತೋಡು ಸುತ್ತಲೂ ಪೂರ್ತಿ ಕಾಣಬೇಕು. ಒಂದು ಕಡೆ ಮುಚ್ಚಿದ್ದರೂ ಸೀಲ್ ಇನ್ನೂ ಓರೆ ಇದೆ ಅಂತ ಅರ್ಥ.

ಎಣ್ಣೆ ಎಷ್ಟು ಅನ್ನೋದು ಪ್ರತಿ ಗಾಡಿಯ ಸರ್ವೀಸ್ ಮ್ಯಾನ್ಯುಯಲ್ಲಿನಲ್ಲಿ ಇರುತ್ತೆ, ಅಂದಾಜು ಬೇಡ. ಮಿಲಿಲೀಟರ್ ಲೆಕ್ಕದಲ್ಲಿ ಹಾಕಿದ ಮೇಲೂ ಒಮ್ಮೆ ಮಟ್ಟ ನೋಡಿದೆ. ಸ್ಪ್ರಿಂಗ್ ಹೊರಗಿಟ್ಟು, ಪೈಪನ್ನು ಪೂರ್ತಿ ಕೆಳಗೆ ಒತ್ತಿ, ಮೇಲಂಚಿನಿಂದ ಎಣ್ಣೆಯವರೆಗೆ ಸ್ಕೇಲಿನಲ್ಲಿ ಅಳೆದು ಎರಡೂ ಕಾಲು ಸಮ ಮಾಡಿದೆ. ಅದಕ್ಕೂ ಮೊದಲು ಪೈಪನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ಗಾಳಿ ಬಿಡಬೇಕು, ಇಲ್ಲದಿದ್ದರೆ ಅಳತೆ ಸುಳ್ಳು ಹೇಳುತ್ತೆ. ಇನ್ನೊಂದು ಮಾತು. ಫೋರ್ಕ್ ಆಯಿಲ್ ಡಬ್ಬಿಯ ಮೇಲಿನ 10ಡಬ್ಲ್ಯೂ ಅನ್ನೋದು ಎಲ್ಲ ತಯಾರಕರಲ್ಲೂ ಒಂದೇ ದಪ್ಪ ಅಂತ ತಿಳಿಯಬೇಡಿ. ಬ್ರ್ಯಾಂಡ್ ಬದಲಿಸುವಾಗ 40 ಡಿಗ್ರಿಯಲ್ಲಿನ ಸೆಂಟಿಸ್ಟೋಕ್ಸ್ (ಎಣ್ಣೆ ಎಷ್ಟು ದಪ್ಪ ಅನ್ನೋದರ ಅಳತೆ) ಅಂಕಿ ಹೋಲಿಸುವುದು ಸರಿಯಾದ ಕ್ರಮ. ಎರಡು ಕಾಲಿಗೆ ಎರಡು ಡಬ್ಬಿಯ ಬೇರೆಬೇರೆ ಎಣ್ಣೆಯಂತೂ ಹಾಕಲೇಬಾರದು.

ಚಕ್ರ ಹಾಕುವಾಗ ಆಕ್ಸಲ್ ನಟ್ಟನ್ನು ಮೊದಲು ಬಿಗಿದೆ. ಆಕ್ಸಲನ್ನು ಕಾಲಿಗೆ ಬಿಗಿಹಿಡಿಯುವ ಪಕ್ಕದ ಪಿಂಚ್ ಬೋಲ್ಟನ್ನು ಸಡಿಲವೇ ಬಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಅಕ್ಕ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ನಾಲ್ಕಾರು ಸಲ ಜೋರಾಗಿ ಒತ್ತಿ ಬಿಟ್ಟಳು. ಎರಡೂ ಕಾಲು ತಮ್ಮ ಜಾಗಕ್ಕೆ ಬಂದು ನಿಂತ ಮೇಲೆ ಪಿಂಚ್ ಬೋಲ್ಟ್ ಬಿಗಿದೆ. ಇದನ್ನು ಬಿಟ್ಟರೆ ಕಾಲುಗಳು ಓರೆಯಾಗಿ ಸಿಕ್ಕಿಕೊಂಡು, ಹೊಸ ಸೀಲನ್ನು ಒಂದೇ ಪಕ್ಕದಲ್ಲಿ ಸವೆಸುತ್ತವೆ. ಹಳೆಯ ಸೀಲಿನ ಲಿಪ್ ಒಂದು ಪಕ್ಕ ಜಾಸ್ತಿ ಸವೆದಿತ್ತು. ಹಿಂದೆ ಯಾರೋ ಈ ಹೆಜ್ಜೆ ಬಿಟ್ಟಿರಬೇಕು ಅಂತ ಅನ್ನಿಸುತ್ತೆ.

ಅಕ್ಕ ಬ್ರೇಕ್ ಹಿಡಿಯುವ ಮೊದಲೇ ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ ಹೊಸ ಪ್ಯಾಡ್ ಹಾಕಿದ್ದೆ. ಗಾಡಿ ಕದಲಿಸುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಒತ್ತಿದ್ದೆ. ಕ್ಯಾಲಿಪರ್ ಬಿಚ್ಚಿದ ಮೇಲೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ, ಇದನ್ನು ಯಾರೂ ಮರೆಯಬಾರದು.

ಈಗ ಹೇಗಿದೆ

ಅಕ್ಕ ಆ ಬೈಕನ್ನು ಮಳೆಯಲ್ಲೂ ಧೂಳಲ್ಲೂ ಓಡಿಸುತ್ತಿದ್ದಾಳೆ. ಎರಡೂ ಪೈಪ್ ಒಣಗಿವೆ, ಎಪಾಕ್ಸಿ ತುಂಬಿದ ಜಾಗದಲ್ಲಿ ಉಗುರಿಗೆ ಇನ್ನೂ ಏನೂ ತಾಗುವುದಿಲ್ಲ. ಗಾಡಿ ತೊಳೆದಾಗಲೆಲ್ಲ ಡಸ್ಟ್ ಸೀಲಿನ ಮೇಲಿನ ಕೊಳೆಯನ್ನು ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸ ಮಾಡಿಕೊಂಡಿದ್ದಾಳೆ. ಕೀಟ, ಮಣ್ಣು ಪೈಪಿನ ಮೇಲೆ ಒಣಗಿ ಅಂಟಿದರೆ ಅವೂ ಲಿಪ್ಪನ್ನು ಕೆರೆಯುತ್ತವೆ.

ಹೆಚ್ಚಾಗಿ ಉಳಿದ ಸೀಲುಗಳನ್ನು ಮಡಿಸದೆ, ಬಿಸಿಲು ಬೀಳದ ಡ್ರಾಯರಿನಲ್ಲಿ ಮಲಗಿಸಿಟ್ಟಿದ್ದೇನೆ, ಪೊಟ್ಟಣದ ಮೇಲೆ ತಂದ ವರ್ಷ ಬರೆದಿದೆ. ಜೊತೆಗೆ ಗಾಡಿಯ ಹೆಸರಿನಲ್ಲಿ ಒಂದು ನೋಟ್‌ಬುಕ್ ಶುರುವಾಗಿದೆ. ಫೋರ್ಕ್ ಸೀಲಿನ ಅಳತೆ, ಅದು ಹುಟ್ಟಿದ ಗಾಡಿಯ ಗುರುತು, ಎಣ್ಣೆಯ ಪ್ರಮಾಣ ಮೊದಲ ಪುಟದಲ್ಲಿವೆ. ಎರಡನೇ ಪುಟಕ್ಕೆ ಚಕ್ರದ ಬೇರಿಂಗುಗಳ ನಂಬರ್ ಹಾಕಿದ್ದಾಯಿತು. ಮುಂದೆ ಕ್ಲಚ್ ಪ್ಲೇಟಿನದು ಬರೆಯಬೇಕು, ಅದು ಸವೆಯುವ ಮೊದಲೇ.